ಎಪ್ಪತ್ತರ ರಸ್ತೆಯಲ್ಲಿ ನೂರ ಅರವತ್ತರ ಕಾರು

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದು ಗಾಜನೂರು ದಾಟಿದರೆ ಹದಿನಾಲ್ಕನೇ ಕಿಲೋಮೀಟರಿನ ಸುಮಾರಿಗೆ ಸಕ್ರೆಬೈಲು ಸಿಗುತ್ತದೆ. ಒಂದು ಕಡೆ ತುಂಗೆಯ ಹಿನ್ನೀರು, ಅದರ ದಂಡೆಯಲ್ಲಿ ಅರಣ್ಯ ಇಲಾಖೆಯ ಆನೆ ಬಿಡಾರ. ಇನ್ನೊಂದು ಕಡೆ ಕಾಡು. ನಡುವೆ ಹಾದುಹೋಗುವುದು ರಾಷ್ಟ್ರೀಯ ಹೆದ್ದಾರಿ 169. ಬೆಳಿಗ್ಗೆ ಆನೆಗಳಿಗೆ ಸ್ನಾನ ಮಾಡಿಸುವ ಹೊತ್ತಿಗೆ ರಸ್ತೆಯ ಅಂಚಿನಲ್ಲಿ ಸಾಲಾಗಿ ವಾಹನಗಳು ನಿಲ್ಲುತ್ತವೆ. ಶಾಲಾ ಪ್ರವಾಸದ ಬಸ್ಸಿನಿಂದ ಇಳಿದ ಮಕ್ಕಳು ಆನೆ ಕಂಡ ಸಂಭ್ರಮದಲ್ಲಿ ಟೀಚರ್ ಕೈ ಬಿಡಿಸಿಕೊಂಡು ಓಡುತ್ತಾರೆ. ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ಮಂಗಳೂರಿನ ಲಾರಿ, ತೀರ್ಥಹಳ್ಳಿಯ ಬಸ್ಸು, ಮಣಿಪಾಲದ ಆಸ್ಪತ್ರೆಗೆ ಹೊರಟ ಕಾರು, ಶೃಂಗೇರಿಗೆ ಹೊರಟ ಟಿಟಿ ಎಲ್ಲವೂ ಬರುತ್ತಿರುತ್ತವೆ.

ಇಲ್ಲಿ ನಿಂತ ಯಾವುದೇ ಕಾರಿನ ಗಾಜಿನೊಳಗೆ ಇಣುಕಿದರೂ ಸ್ಪೀಡೋಮೀಟರಿನ ಕೊನೆಯ ಅಂಕಿ ಸಾಮಾನ್ಯವಾಗಿ 180, 200 ಅಥವಾ 220 ಇರುತ್ತದೆ. ಹತ್ತು ಲಕ್ಷದೊಳಗಿನ ಸಣ್ಣ ಕಾರು ಕೂಡ ಸಮತಟ್ಟು ರಸ್ತೆ ಸಿಕ್ಕರೆ ನೂರೈವತ್ತು ದಾಟುತ್ತದೆ. ಕೇಂದ್ರ ಸರ್ಕಾರ 2018ರ ಏಪ್ರಿಲ್ 6ರಂದು ಹೊರಡಿಸಿದ ಅಧಿಸೂಚನೆ ಕಾರಿಗೆ ಕೊಟ್ಟ ಮಿತಿಯಾದರೂ ಎಷ್ಟು? ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 120 ಕಿಲೋಮೀಟರ್, ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ 100, ಉಳಿದ ರಸ್ತೆಗಳಲ್ಲಿ 70. ರಾಜ್ಯಗಳು, ಸ್ಥಳೀಯ ಅಧಿಕಾರಿಗಳು ಇದನ್ನು ಇನ್ನೂ ಇಳಿಸಬಹುದು, ಏರಿಸುವಂತಿಲ್ಲ. ಅಂದರೆ ದೇಶದ ಯಾವ ಮೂಲೆಯಲ್ಲೂ 120ಕ್ಕಿಂತ ಹೆಚ್ಚು ಓಡಿಸಲು ಕಾನೂನಿನ ಒಪ್ಪಿಗೆ ಇಲ್ಲ. ಆದರೂ ಅದಕ್ಕಿಂತ ವೇಗವಾಗಿ ಓಡಬಲ್ಲ ಕಾರನ್ನು ತಯಾರಿಸಲು, ಮಾರಲು, ನೋಂದಾಯಿಸಲು ಅದೇ ಕಾನೂನು ಅಡ್ಡಿ ಮಾಡುವುದಿಲ್ಲ. ಯಾಕೆ ಹೀಗೆ?

ಮೊದಲು ಎಂಜಿನ್ನಿನ ಕಡೆಯಿಂದ ನೋಡೋಣ. ಅಲ್ಲಿ ಸಿಗುವ ಉತ್ತರ ನ್ಯಾಯವಾದದ್ದು. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವ ಕಾರು ಎರಡು ತಡೆಗಳನ್ನು ಮೀರಬೇಕು: ಟೈರು ಉರುಳುವಾಗಿನ ಎಳೆತ ಮತ್ತು ಗಾಳಿಯ ಎದುರೊತ್ತಡ. ಟೈರಿನ ಎಳೆತ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಗಾಳಿಯದು ಹಾಗಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಜನ ಕೂತ ಒಂದು ಸಣ್ಣ ಕಾರಿಗೆ ಲೆಕ್ಕ ಹಾಕಿದರೆ 60 ಕಿಲೋಮೀಟರ್ ವೇಗದಲ್ಲಿ ಸಾಗಲು ಚಕ್ರಕ್ಕೆ ಸುಮಾರು ಆರು ಅಶ್ವಶಕ್ತಿ ಸಾಕು. ನೂರಕ್ಕೆ ಹದಿನೇಳರ ಆಸುಪಾಸು. ನೂರೈವತ್ತಕ್ಕೆ ಐವತ್ತರ ಹತ್ತಿರ. ಇವತ್ತಿನ ಸಾಮಾನ್ಯ ಪೆಟ್ರೋಲ್ ಕಾರಿನ ಬಾನೆಟ್ಟಿನಡಿ ಎಂಬತ್ತು ಅಶ್ವಶಕ್ತಿ ಇದೆ. ಸಮತಟ್ಟಿನಲ್ಲಿ ಎಪ್ಪತ್ತರ ವೇಗಕ್ಕೆ ಅದರಲ್ಲಿ ಹತ್ತನೇ ಒಂದು ಭಾಗ ಸಾಕು.

ಮಿಕ್ಕ ಶಕ್ತಿ ದಂಡವಲ್ಲ. ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿ ಏರುವಾಗ ಐದು ಜನ, ಹಿಂದೆ ಎರಡು ಸೂಟ್‌ಕೇಸು, ಮಳೆಗೆ ಗಾಜು ಮಬ್ಬಾಗದಂತೆ ಎಸಿ ಬೇರೆ. ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಂಥ ಏರಿನಲ್ಲಿ ನಲವತ್ತರ ವೇಗ ಉಳಿಸಿಕೊಳ್ಳಲು ಇಪ್ಪತ್ತು ಅಶ್ವಶಕ್ತಿ ಹೋಗುತ್ತದೆ. ಎಸಿಗೆ ಇನ್ನೊಂದು ಮೂರು ನಾಲ್ಕು. ಹಿಮ್ಮುರಿ ತಿರುವಿನಲ್ಲಿ ಕಾರು ಬಹುತೇಕ ನಿಂತು, ಮೊದಲ ಗೇರಿನಲ್ಲಿ ಮತ್ತೆ ಎದ್ದು ಹೊರಡಬೇಕು. ಆಗ ಕೊರತೆ ಬಿದ್ದರೆ ಹಿಂದಕ್ಕೆ ಜಾರುವ ಭಯ.

ಇನ್ನು ಓವರ್‌ಟೇಕ್. ಮಂಡಗದ್ದೆಯ ಕಡೆ ಜಲ್ಲಿ ತುಂಬಿದ ಲಾರಿಯೊಂದು ನಲವತ್ತೈದರಲ್ಲಿ ತೆವಳುತ್ತಿದೆ ಅನ್ನಿ. ತಿರುವಿನ ಮೇಲೆ ತಿರುವು. ಕೊನೆಗೊಂದು ನೇರ ರಸ್ತೆ ಕಾಣುತ್ತದೆ, ಅದೂ ಗಿಡ್ಡದು. ಚಾಲಕ ಗೇರು ಇಳಿಸಿ ಆಕ್ಸಿಲರೇಟರ್ ತುಳಿಯುತ್ತಾನೆ. ನಲವತ್ತೈದರಿಂದ ಎಪ್ಪತ್ತಕ್ಕೆ ಐದು ಸೆಕೆಂಡಿನಲ್ಲಿ ಏರಬೇಕಾದರೆ ಚಕ್ರಕ್ಕೆ ಸರಾಸರಿ ನಲವತ್ತೈದು ಅಶ್ವಶಕ್ತಿ ಬೇಕು. ಎಂಜಿನ್ನಿನ ಪೂರ್ತಿ ಶಕ್ತಿ ಸಿಗುವುದು ಆರು ಸಾವಿರ ಆರ್‌ಪಿಎಂ ಹತ್ತಿರ ಮಾತ್ರ. ಕೆಳಗಿನ ಸುತ್ತುಗಳಲ್ಲಿ ಕಡಿಮೆ, ಗೇರುಬಾಕ್ಸಿನಲ್ಲಿ ಒಂದಿಷ್ಟು ಸೋರಿಕೆ. ಹಾಗಾಗಿ ಹೆಸರಿಗೆ ಎಂಬತ್ತು ಇದ್ದರೇ ಕೆಲಸಕ್ಕೆ ನಲವತ್ತೈದು ಸಿಗುವುದು. ಇದೇ ತೂಕದ ಕಾರಿಗೆ ಅರ್ಧ ಶಕ್ತಿಯ ಎಂಜಿನ್ ಇಟ್ಟರೆ ಐದು ಸೆಕೆಂಡಿನ ಕೆಲಸ ಹನ್ನೆರಡು ಸೆಕೆಂಡಿಗೆ ಎಳೆಯುತ್ತದೆ. ಆ ಹೆಚ್ಚುವರಿ ಏಳು ಸೆಕೆಂಡು ಕಾರು ಎದುರಿನವರ ಪಾಲಿನ ರಸ್ತೆಯಲ್ಲೇ ಇರುತ್ತದೆ. ಅಷ್ಟರಲ್ಲಿ ಎದುರಿನಿಂದ ಅರವತ್ತರಲ್ಲಿ ಬರುವ ಬಸ್ಸು ನೂರು ಮೀಟರಿಗೂ ಹೆಚ್ಚು ಹತ್ತಿರ ಬಂದಿರುತ್ತದೆ. ನಮ್ಮವರು ಕಾರು ಕೊಳ್ಳುವಾಗ ಮೈಲೇಜ್ ಕೇಳಿದ ಮೇಲೆ ಕೇಳುವ ಎರಡನೇ ಪ್ರಶ್ನೆ ‘ಪಿಕಪ್ ಹೇಗಿದೆ?’ ಅದು ಶೋಕಿಯ ಪ್ರಶ್ನೆ ಅಲ್ಲ.

ಘಾಟಿ ಏರಲು, ಲಾರಿ ದಾಟಲು ಕೊಟ್ಟ ಈ ಶಕ್ತಿಯನ್ನು ಸಮತಟ್ಟು ರಸ್ತೆಯಲ್ಲಿ ಹತ್ತಿಪ್ಪತ್ತು ಸೆಕೆಂಡಿನ ಬದಲು ಒಂದೇ ಸಮ ತುಳಿದು ಹಿಡಿದರೆ ಕಾರು ತಾನಾಗಿ ನೂರ ಅರವತ್ತರ ಕಡೆಗೆ ಹೋಗುತ್ತದೆ. ಗರಿಷ್ಠ ವೇಗ ಎನ್ನುವುದು ಬಹಳ ಮಟ್ಟಿಗೆ ಬೇರೆ ಉದ್ದೇಶಕ್ಕೆ ಕೊಟ್ಟ ಬಲದ ಉಪಫಲ.

ಗೇರು ಚಿಕ್ಕದು ಮಾಡಿ ತಡೆಯಬಹುದಲ್ಲ ಎಂದು ಕೇಳಿದರೆ ಅದಕ್ಕೂ ಉತ್ತರ ಇದೆ. ಎಂಬತ್ತಕ್ಕೇ ಎಂಜಿನ್ ಆರು ಸಾವಿರ ಸುತ್ತು ತಿರುಗುವಂತೆ ಟಾಪ್ ಗೇರು ಮಾಡಿದರೆ ವೇಗ ಅಲ್ಲಿಗೆ ನಿಲ್ಲುತ್ತದೆ. ಆದರೆ ದಾರಿಯುದ್ದಕ್ಕೂ ಎಂಜಿನ್ ಅರಚುತ್ತದೆ, ಪೆಟ್ರೋಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ. ಐದನೇ ಗೇರನ್ನು ಉದ್ದ ಇಟ್ಟಿರುವುದೇ ನೂರರ ವೇಗದಲ್ಲೂ ಎಂಜಿನ್ ಎರಡೂವರೆ ಮೂರು ಸಾವಿರ ಸುತ್ತಿನಲ್ಲಿ ನಿರಾಳವಾಗಿ ಇರಲಿ ಎಂದು. ಶಿವಮೊಗ್ಗ ಮತ್ತು ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಕೆಲಸ ಮಾಡುವವರಿಗೆ ಈ ಮಾತು ಚೆನ್ನಾಗಿ ಗೊತ್ತು. ಶಿವಮೊಗ್ಗದ ಫೌಂಡ್ರಿಗಳಿಂದ ವಾಹನಗಳ ಎಂಜಿನ್ ಭಾಗಗಳು, ಸಿಲಿಂಡರ್ ಲೈನರ್‌ಗಳು ಊರೂರಿಗೆ ಹೋಗುತ್ತವೆ. ಪಿಸ್ಟನ್ ಮೇಲೆ ಕೆಳಗೆ ಉಜ್ಜಿಕೊಂಡು ಓಡುವ ಗೋಡೆ ಲೈನರು. ಯಾವಾಗಲೂ ತನ್ನ ತುತ್ತತುದಿಯ ಮಿತಿಯಲ್ಲೇ ದುಡಿಯುವ ಯಂತ್ರ ಬಾಳುವುದಿಲ್ಲ. ಕೆಲಸಕ್ಕಿಂತ ಹೆಚ್ಚಿನ ತಾಳಿಕೆ ಒಳಗೆ ಇರಬೇಕು.

ನಿಮ್ಮದೇ ಕಾರಿನ ಟೈರಿನ ಪಕ್ಕ ಕೂತು ನೋಡಿ. ಗೋಡೆಯ ಮೇಲೆ ಉಬ್ಬಕ್ಷರದಲ್ಲಿ ಅಳತೆ ಇರುತ್ತದೆ: 175/65 ಆರ್14 82ಟಿ ಎಂಬಂತೆ. 82 ಎಂದರೆ ಆ ಒಂದು ಟೈರು 475 ಕಿಲೋ ಭಾರ ಹೊರಬಲ್ಲದು. ಕೊನೆಯ ‘ಟಿ’ ಎಂದರೆ ಗಂಟೆಗೆ 190 ಕಿಲೋಮೀಟರ್ ವೇಗವನ್ನು ತಾಳಬಲ್ಲದು. ಅಲ್ಲಿ ‘ಹೆಚ್’ ಇದ್ದರೆ 210. ಮೇ ತಿಂಗಳ ಬಿಸಿಲಿಗೆ ಕಾದ ಡಾಂಬರಿನ ಮೇಲೆ, ಗಾಳಿ ಸ್ವಲ್ಪ ಕಡಿಮೆ ಇದ್ದು, ತುಂಬಿದ ಕಾರು ತೊಂಬತ್ತರಲ್ಲಿ ಹೋಗುವಾಗಲೂ ಆ ಟೈರು ಸಿಡಿಯದಿರುವುದು ಈ ಹೆಚ್ಚಳದಿಂದ. ಬ್ರೇಕಿಗೂ ಇದೇ ಮಾತು. ತಾಳಿಕೆಯಲ್ಲಿ ಹೀಗೆ ಅಂತರ ಇಡುವುದು ಒಳ್ಳೆಯ ಎಂಜಿನಿಯರಿಂಗ್.

ಭದ್ರಾವತಿಯ ನೆನಪು ಬಂದಾಗ ವಿಶ್ವೇಶ್ವರಯ್ಯನವರನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. 1923ರಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು ಅದನ್ನು ನೆಲೆಗೆ ತಂದವರು, 1935ರಲ್ಲಿ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯುರೋಪ್, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದರು. ಭಾರತದಲ್ಲೇ ಕಾರು ತಯಾರಾಗಬೇಕೆಂದು ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮೈಸೂರು ಸರ್ಕಾರ ಬೆಂಬಲಕ್ಕೆ ನಿಂತರೂ ಬ್ರಿಟಿಷ್ ಆಡಳಿತ ಒಪ್ಪಲಿಲ್ಲ. ಅಂದಿನವರಿಗೆ ಕಾರು ಸಿಗುವುದೇ ದೊಡ್ಡ ಮಾತು. ಅದು ಎಷ್ಟು ವೇಗ ಹೋದೀತು ಎಂಬುದು ಚಿಂತೆಯಾಗಿರಲಿಲ್ಲ. ಆಮೇಲೆ ದಶಕಗಟ್ಟಲೆ ನಮ್ಮ ರಸ್ತೆಗಳನ್ನು ಆಳಿದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳು ಐವತ್ತು ಅಶ್ವಶಕ್ತಿಯ ಆಚೀಚೆಯವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ಕ್ಕೆ ಇದ್ದದ್ದು ನಲವತ್ತಕ್ಕಿಂತ ಕಡಿಮೆ. ಅವೂ ನೂರು ದಾಟಬಲ್ಲವಾಗಿದ್ದವು. ಆದರೆ ಎಂಬತ್ತು ದಾಟಿದರೆ ಬಾಗಿಲು ಅದುರುತ್ತಿತ್ತು, ಸ್ಟೀರಿಂಗ್ ನಡುಗುತ್ತಿತ್ತು, ಒಳಗಿದ್ದವರು ಜೋರಾಗಿ ಮಾತಾಡಬೇಕಿತ್ತು. ಆ ಅದುರಾಟವೇ ಚಾಲಕನಿಗೆ ಸಾಕು ಎನ್ನುತ್ತಿತ್ತು. ಇವತ್ತಿನ ಕಾರಿನಲ್ಲಿ ಗಾಜು ಏರಿಸಿ ಹಾಡು ಹಾಕಿಕೊಂಡರೆ ತೊಂಬತ್ತು ಐವತ್ತರಂತೆ ಅನಿಸುತ್ತದೆ. ಕಾರಿನ ಬಲ ಹೆಚ್ಚಿದ್ದಕ್ಕಿಂತ ಅದರ ಮೌನ ಹೆಚ್ಚಿದ್ದು ನನಗೆ ದೊಡ್ಡ ಬದಲಾವಣೆಯಾಗಿ ಕಾಣುತ್ತದೆ.

ಹಾಗಾದರೆ ಬಲ ಬೇಕು, ವೇಗ ಬೇಡ ಎಂದರೆ ದಾರಿ ಇಲ್ಲವೇ? ಇದೆ, ಬಹಳ ಸುಲಭದ್ದು. ಇಂದಿನ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಚಿಮ್ಮಬೇಕೆಂದು ನಿರ್ಧರಿಸುವುದು ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಚಕ್ರದ ವೇಗ ಗೊತ್ತು. ಇಷ್ಟಕ್ಕಿಂತ ಮೇಲೆ ಇಂಧನ ಕೊಡಬೇಡ ಎಂದು ಒಂದು ಸಾಲು ಬರೆದರೆ ಮುಗಿಯಿತು. ಏರು ಹತ್ತುವ, ಲಾರಿ ದಾಟುವ ಶಕ್ತಿ ಹಾಗೇ ಉಳಿಯುತ್ತದೆ. ಬಿಡಾರದ ಆನೆಯನ್ನೇ ನೋಡಿ. ಮೂರು ನಾಲ್ಕು ಟನ್ ತೂಗುವ ಜೀವ, ಗಂಟೆಗೆ 25 ಕಿಲೋಮೀಟರಿನಷ್ಟು ವೇಗದಲ್ಲಿ ನುಗ್ಗಬಲ್ಲದೆಂದು ಅಳೆದು ನೋಡಿದವರು ಹೇಳಿದ್ದಾರೆ. ಅದರ ಬಲವನ್ನು ಯಾರೂ ಕಡಿಮೆ ಮಾಡಿಲ್ಲ. ಕುತ್ತಿಗೆಯ ಮೇಲೆ ಕೂತ ಮಾವುತನ ಬರಿಗಾಲಿನ ಹೆಬ್ಬೆರಳು ಕಿವಿಯ ಹಿಂದೆ ಒತ್ತಿದರೆ ಅದು ಹೆಜ್ಜೆ ನಿಧಾನ ಮಾಡುತ್ತದೆ, ಅಷ್ಟೇ.

ಇಂಥ ಕಡಿವಾಣ ನಮ್ಮ ಕಾನೂನಿಗೆ ಹೊಸತೂ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 118ನೇ ನಿಯಮ ಸ್ಪೀಡ್ ಗವರ್ನರ್ ಬಗ್ಗೆಯೇ ಇರುವುದು. 2015ರಲ್ಲಿ ಅದನ್ನು ಬಿಗಿಗೊಳಿಸಿ, ಆ ವರ್ಷದ ಅಕ್ಟೋಬರ್ 1ರ ನಂತರ ತಯಾರಾಗುವ ಬಸ್ಸು, ಲಾರಿಯಂಥ ಸಾರಿಗೆ ವಾಹನಗಳು 80 ದಾಟದಂತೆ ಕಂಪನಿಯಲ್ಲೇ ಸಾಧನ ಅಳವಡಿಸಬೇಕೆಂದರು. ಶಾಲಾ ಬಸ್ಸು, ಟ್ಯಾಂಕರ್, ಟಿಪ್ಪರುಗಳಿಗೆ 60. ಮನೆಬಳಕೆಯ ಕಾರು, ಬೈಕು ಈ ಪಟ್ಟಿಯಿಂದ ಹೊರಗೆ. ಹಾಗಾಗಿ ಸಕ್ರೆಬೈಲಿಗೆ ಮಕ್ಕಳನ್ನು ಕರೆತಂದ ಶಾಲಾ ಬಸ್ಸಿನ ಚಾಲಕ ಬಯಸಿದರೂ ಅರವತ್ತು ದಾಟಲಾರ. ಭಾನುವಾರ ಅದೇ ಮಕ್ಕಳನ್ನು ಅಪ್ಪನ ಕಾರು ನೂರ ಇಪ್ಪತ್ತರಲ್ಲಿ ಕರೆತರಬಹುದು. ದಿನಕ್ಕೆ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ ಕೈ ಪಳಗಿದ ವೃತ್ತಿ ಚಾಲಕನಿಗೆ ಕಡಿವಾಣ, ನಿನ್ನೆ ಮೊನ್ನೆ ಎಲ್‌ಬೋರ್ಡ್ ತೆಗೆದವನಿಗೆ ಬಿಡುಗಡೆ. ಇದು ನನಗೆ ಎಷ್ಟು ಯೋಚಿಸಿದರೂ ಸಮಾಧಾನ ಕೊಡದ ಏರ್ಪಾಡು.

ಹಳದಿ ಬೋರ್ಡಿನವರ ಕಡಿವಾಣವೂ ಎಲ್ಲ ಕಡೆ ಗಟ್ಟಿಯಾಗಿಲ್ಲ ಎನ್ನುವುದು ಸ್ಟ್ಯಾಂಡಿನಲ್ಲಿ ನಿಂತು ಮಾತಾಡಿದರೆ ತಿಳಿಯುತ್ತದೆ. ಎಫ್‌ಸಿಗೆ ಹೋಗುವಾಗ ಗವರ್ನರ್ ಸರಿ ಇರುತ್ತದೆ, ಬ್ರೇಕ್ ಇನ್‌ಸ್ಪೆಕ್ಟರ್ ಸಹಿ ಹಾಕಿದ ಮೇಲೆ ವೈರ್ ಕಳಚಿಕೊಳ್ಳುತ್ತದೆ. ಹೊರಗಿನಿಂದ ಅಂಟಿಸಿದ ಪೆಟ್ಟಿಗೆಗೆ ಇದೇ ಗತಿ. ಎಂಜಿನ್ನಿನ ಕಂಪ್ಯೂಟರಿನ ಒಳಗೇ ಬರೆದ ಮಿತಿಯನ್ನು ಹಾಗೆ ಕಿತ್ತಿಡಲು ಬರುವುದಿಲ್ಲ.

ಕಾರುಗಳ ಪಾಲಿಗೆ ಬಂದದ್ದು ಬರೀ ಶಬ್ದ. 2019ರ ಜುಲೈ 1ರಿಂದ ಹೊಸ ಕಾರುಗಳು 80 ದಾಟಿದಾಗ ಆಗಾಗ ಬೀಪ್ ಎನ್ನಬೇಕು, 120 ದಾಟಿದರೆ ಬಿಡದೆ ಕೂಗಬೇಕು. ಉದ್ದೇಶ ಒಳ್ಳೆಯದು. ಆದರೆ ಗಾಜನೂರು–ಮಂಡಗದ್ದೆ ರಸ್ತೆಗೆ ಕಾರಿನ ಮಿತಿಯೇ 70. ಮೊದಲ ಬೀಪ್ ಕೇಳುವ ಹೊತ್ತಿಗೆ ವೇಗ ಕಾನೂನಿನ ಮಿತಿಯನ್ನು ಗಂಟೆಗೆ ಹತ್ತು ಕಿಲೋಮೀಟರಿನಷ್ಟು ಮೀರಿ ಆಗಿರುತ್ತದೆ. ಮಕ್ಕಳು ರಸ್ತೆ ದಾಟುವ ಬಿಡಾರದ ಮುಂದೆ ಎಪ್ಪತ್ತೂ ಹೆಚ್ಚೇ. ಆ ಸಾಧನಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿಯೂ ಒಂದೇ, ಸಕ್ರೆಬೈಲೂ ಒಂದೇ.

ಕಾನೂನಿನ ಮೂಲದಲ್ಲೇ ಈ ತೊಡಕು ಇದೆ. 1988ರ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಮಿತಿ ಮೀರಿ ಯಾರೂ ಓಡಿಸಬಾರದು, ಓಡಿಸಲು ಬಿಡಬಾರದು ಎನ್ನುತ್ತದೆ. ಬಾಧ್ಯತೆ ಚಾಲಕನದು, ವಾಹನದ ಹೊಣೆ ಹೊತ್ತವನದು. ತಯಾರಿಸಿದವನ ಹೆಸರು ಅಲ್ಲಿಲ್ಲ. ಕರ್ನಾಟಕದಲ್ಲಿ 2024ರ ಆಗಸ್ಟ್ 1ರಿಂದ ಯಾವುದೇ ರಸ್ತೆಯಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ದಾಖಲಿಸುವುದಾಗಿ ಪೊಲೀಸರು ಪ್ರಕಟಿಸಿದರು. ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಓಡಿಸಿದರೆ ಕ್ರಿಮಿನಲ್ ಕೇಸು ಆಗುವ ವೇಗವನ್ನು ಶೋರೂಮಿನಲ್ಲಿ ಇಟ್ಟು ಮಾರುವುದು ಮಾತ್ರ ತಪ್ಪಲ್ಲ ಎನ್ನುವ ಸ್ಥಿತಿ ಹಾಗೇ ಉಳಿದಿದೆ.

ಈ ಪ್ರಶ್ನೆಯನ್ನು ನೂರು ವರ್ಷದ ಹಿಂದೆಯೇ ಒಂದು ಊರು ಎತ್ತಿತ್ತು. ಅಮೆರಿಕದ ಸಿನ್ಸಿನಾಟಿಯಲ್ಲಿ ಕಾರಿಗೆ ಸಿಕ್ಕಿ ಮಕ್ಕಳು ಸಾಯುವುದನ್ನು ಕಂಡು ರೋಸಿದ ಜನ 1923ರಲ್ಲಿ ಒಂದು ಮನವಿಗೆ ಸಹಿ ಹಾಕಿದರು: ಊರಿನೊಳಗೆ ಓಡುವ ಪ್ರತಿ ಕಾರಿಗೂ ಗಂಟೆಗೆ 25 ಮೈಲಿ, ಅಂದರೆ 40 ಕಿಲೋಮೀಟರ್ ದಾಟದಂತೆ ಗವರ್ನರ್ ಹಾಕಬೇಕು. 42,000 ಜನ ಸಹಿ ಮಾಡಿದ್ದರು. ನವೆಂಬರಿನಲ್ಲಿ ಅದು ಮತಕ್ಕೆ ಬಂತು. ಅಷ್ಟರಲ್ಲಿ ಕಾರು ಮಾರುವವರು, ವಾಹನ ಸಂಘದವರು ಒಟ್ಟಾಗಿ ಹಣ ಸುರಿದು ಎದುರು ಪ್ರಚಾರ ನಡೆಸಿದರು. ಪ್ರಸ್ತಾಪ ಭಾರಿ ಅಂತರದಲ್ಲಿ ಬಿದ್ದುಹೋಯಿತು. ವೇಗವೇ ಕಾರಿನ ಜೀವಾಳ, ಅದನ್ನು ಕಟ್ಟಿದರೆ ಕೊಳ್ಳುವವರು ಯಾರು ಎಂಬ ಆತಂಕ ಆ ಗೆಲುವಿನ ಹಿಂದೆ ಇತ್ತು. ಆಮೇಲೆ ಜಗತ್ತಿನೆಲ್ಲೆಡೆ ಮಿತಿಯನ್ನು ಕಾರಿಗಲ್ಲ, ಬೋರ್ಡಿಗೆ ಬರೆಯುವ ರೂಢಿಯೇ ಗಟ್ಟಿಯಾಯಿತು.

ಜರ್ಮನಿಯ ಆಟೋಬಾನ್ ಈ ಕಥೆಯ ಇನ್ನೊಂದು ಎಳೆ. ಅಲ್ಲಿನ ಹಲವು ಭಾಗಗಳಲ್ಲಿ ಇವತ್ತಿಗೂ ಕಡ್ಡಾಯ ಮಿತಿ ಇಲ್ಲ, 130 ಎಂಬ ಸಲಹೆ ಮಾತ್ರ. ಅಲ್ಲಿ ಮಾರುವ ಕಾರಿನಿಂದ ಹೆಚ್ಚಿನ ವೇಗವನ್ನು ನಿರೀಕ್ಷಿಸುತ್ತಾರೆ. ಅದೇ ಮಾದರಿ ಜಗತ್ತಿಗೆಲ್ಲ ಹೋಗುತ್ತದೆ. ಅಲ್ಲಿನ ದೊಡ್ಡ ತಯಾರಕರೇ ಎಂಬತ್ತರ ದಶಕದ ಕೊನೆಯಲ್ಲಿ ತಮ್ಮತಮ್ಮಲ್ಲಿ ಮಾತಾಡಿಕೊಂಡು 250ಕ್ಕೆ ಕಡಿವಾಣ ಹಾಕಿಕೊಂಡರು. ಜಪಾನಿನವರು ತಮ್ಮ ದೇಶದಲ್ಲಿ ಮಾರುವ ಕಾರುಗಳಿಗೆ 180ರ ಮಿತಿ ಇಟ್ಟುಕೊಂಡರು. ವೋಲ್ವೋ 2020ರಿಂದ ತನ್ನ ಎಲ್ಲ ಹೊಸ ಕಾರುಗಳನ್ನು 180ಕ್ಕೆ ಕಟ್ಟಿತು. ತಾಂತ್ರಿಕವಾಗಿ ಆಗದು ಎಂಬ ನೆಪ ಯಾರಿಗೂ ಉಳಿದಿಲ್ಲ. ಬ್ಯಾಟರಿ ಉಳಿಸುವ ಸಲುವಾಗಿ ಎಷ್ಟೋ ಎಲೆಕ್ಟ್ರಿಕ್ ಕಾರುಗಳಿಗೆ ತಯಾರಕರೇ ಮಿತಿ ಹಾಕಿದ್ದಾರೆ. ಬ್ಯಾಟರಿಗೆ ಸಿಕ್ಕ ಕಾಳಜಿ ದಾರಿಹೋಕರಿಗೂ ಸಿಗಬೇಕು.

ಮಿತಿಯೊಳಗೇ ಓಡುವ ಕಾರನ್ನು ನಮ್ಮ ರಾಜ್ಯವೇ ಮಾಡಿ ನೋಡಿದ್ದೂ ಉಂಟು. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಎಲೆಕ್ಟ್ರಿಕ್ ಕಾರಿನ ಗರಿಷ್ಠ ವೇಗ ಗಂಟೆಗೆ 65 ಕಿಲೋಮೀಟರ್. ಊರೊಳಗಿನ ಓಡಾಟಕ್ಕೆ ಅದು ಧಾರಾಳ ಸಾಕು. ಲಂಡನ್ನಿನಲ್ಲೂ ಓಡಿತು. ಆದರೆ ನಮ್ಮಲ್ಲಿ ಮನೆಗೊಂದೇ ಕಾರು. ಅದರಲ್ಲೇ ಆಫೀಸು, ಅದರಲ್ಲೇ ಮದುವೆ, ಅದರಲ್ಲೇ ಧರ್ಮಸ್ಥಳ. ಹೆದ್ದಾರಿಗೆ, ಘಾಟಿಗೆ ಆಗದ ಕಾರನ್ನು ಕೊಳ್ಳುವವರು ಕಡಿಮೆ. ವೇಗದ ಜೊತೆ ಬಲವನ್ನೂ ಕಡಿಮೆ ಮಾಡಿದರೆ ಜನ ಒಪ್ಪುವುದಿಲ್ಲ ಎನ್ನುವುದು ಅಲ್ಲಿ ಕಲಿತ ಪಾಠ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ನೇರವಾಗಿ ಎದುರಿಸಬೇಕು. ನಾಳೆಯೇ ಎಲ್ಲ ಕಾರುಗಳನ್ನು 120ಕ್ಕೆ ಕಟ್ಟಿಹಾಕಿದರೂ ಸಕ್ರೆಬೈಲಿನ ಮಗುವಿಗೆ ಅದರಿಂದ ಹೆಚ್ಚು ಉಪಕಾರವಿಲ್ಲ. ಈ ರಸ್ತೆಯಲ್ಲಿ ನೂರ ಇಪ್ಪತ್ತು ಹೋಗುವವರು ಅಪರೂಪ; ನಲವತ್ತಿರಬೇಕಾದಲ್ಲಿ ಎಪ್ಪತ್ತು ಹೋಗುವವರು ದಿನವೂ ಇದ್ದಾರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ ಎಪ್ಪತ್ತೊಂದು ಸಾವಿನ ಎದುರು ಕೇಂದ್ರದ ವರದಿ ಬರೆದ ಕಾರಣ ಅತಿವೇಗ. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’ ಎನ್ನುವುದು ನಮ್ಮ ಠಾಣೆಗಳ ದೂರಿನಲ್ಲಿ ತಾನಾಗಿ ಬಂದು ಕೂರುವ ಸಾಲು. ರಸ್ತೆಯ ತಪ್ಪು, ದೀಪವಿಲ್ಲದ ಟ್ರಾಕ್ಟರು, ಕುಡಿತ ಎಲ್ಲವೂ ಅದರಡಿ ಅಡಗುತ್ತವೆ. ಆ ಸಂಖ್ಯೆಯನ್ನು ಅಷ್ಟು ಎಚ್ಚರದಿಂದಲೇ ಓದಬೇಕು. ಆದರೂ ಜಾಗಕ್ಕೆ ಸಲ್ಲದ ವೇಗ ಕೊಲ್ಲುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ.

ಲೆಕ್ಕ ಹೀಗಿದೆ. ಕಣ್ಣಿಗೆ ಅಪಾಯ ಬಿದ್ದು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದು ಹಿಡಿಯೋಣ. ಎಚ್ಚರದ ಚಾಲಕನಿಗೂ ಇದು ಬೇಕು. ಒಣರಸ್ತೆಯಲ್ಲಿ ನಲವತ್ತರಲ್ಲಿ ಬರುವ ಕಾರು ಆ ಸೆಕೆಂಡಿನಲ್ಲಿ ಹನ್ನೊಂದು ಮೀಟರ್ ಸಾಗಿ, ಬ್ರೇಕ್ ಹಿಡಿದ ಮೇಲೆ ಇನ್ನೊಂಬತ್ತು ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು ಇಪ್ಪತ್ತು. ಅರವತ್ತರಲ್ಲಿ ಬರುವ ಕಾರು ಅದೇ ಇಪ್ಪತ್ತನೇ ಮೀಟರಿಗೆ ಬಂದಾಗ ಬ್ರೇಕ್ ಹಿಡಿಯತೊಡಗಿ ಮೂರೇ ಮೀಟರ್ ಆಗಿರುತ್ತದೆ. ವೇಗ ಇನ್ನೂ ಐವತ್ತೈದು. ಒಂದು ಕಾರು ಮಗುವಿನ ಮುಂದೆ ನಿಂತಿರುತ್ತದೆ, ಇನ್ನೊಂದು ಐವತ್ತೈದರಲ್ಲಿ ಬಡಿಯುತ್ತದೆ. ಮಳೆಗಾಲದಲ್ಲಿ ರಸ್ತೆ ನೆನೆದಿದ್ದರೆ ನಲವತ್ತಕ್ಕೂ ಇಪ್ಪತ್ತಾರು ಮೀಟರ್ ಬೇಕು, ಅರವತ್ತಕ್ಕೆ ಐವತ್ತು ದಾಟುತ್ತದೆ. ಆರು ತಿಂಗಳು ಒದ್ದೆಯಾಗಿರುವ ಸೀಮೆ ನಮ್ಮದು.

ಆದ್ದರಿಂದ ಕಾರಿಗೆ ತಾನಿರುವ ಜಾಗ ಯಾವುದೆಂದು ಗೊತ್ತಿರಬೇಕು. ಯುರೋಪ್ ಒಕ್ಕೂಟ 2024ರ ಜುಲೈಯಿಂದ ಮಾರಾಟವಾಗುವ ಪ್ರತಿ ಹೊಸ ಕಾರಿಗೂ ಇಂಥ ವ್ಯವಸ್ಥೆ ಕಡ್ಡಾಯ ಮಾಡಿದೆ. ಕ್ಯಾಮೆರಾ ರಸ್ತೆಬದಿಯ ಬೋರ್ಡು ಓದುತ್ತದೆ, ಜಿಪಿಎಸ್ ನಕ್ಷೆಯಲ್ಲಿ ಆ ರಸ್ತೆಯ ಮಿತಿ ನೋಡುತ್ತದೆ, ಮೀರಿದರೆ ಎಚ್ಚರಿಸುತ್ತದೆ ಅಥವಾ ಆಕ್ಸಿಲರೇಟರನ್ನು ಮೆಲ್ಲಗೆ ಹಿಂದಕ್ಕೆ ತಳ್ಳುತ್ತದೆ. ಚಾಲಕ ಜೋರಾಗಿ ತುಳಿದರೆ ಬಿಟ್ಟುಕೊಡುತ್ತದೆ. ಕೊನೆಯ ಮಾತು ಅವನದೇ. ಆದರೆ ಆಗ ಮೀರಿದ್ದು ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೂ.

ನಮ್ಮಲ್ಲಿ ಇದು ನಡೆಯಬೇಕಾದರೆ ಮೊದಲು ಬೋರ್ಡು ಇರಬೇಕು, ಇದ್ದದ್ದು ಕಾಣಬೇಕು. ಲಂಟಾನದ ಪೊದೆಯಲ್ಲಿ ಮುಚ್ಚಿಹೋದ, ರಾಜಕಾರಣಿಯ ಹುಟ್ಟುಹಬ್ಬದ ಫ್ಲೆಕ್ಸ್ ಹೊದ್ದುಕೊಂಡ ಬೋರ್ಡನ್ನು ಮನುಷ್ಯನೂ ಓದಲಾರ, ಕ್ಯಾಮೆರಾನೂ ಓದಲಾರದು. ಯಾವ ತುಣುಕಿಗೆ ಎಷ್ಟು ಮಿತಿ ಎನ್ನುವ ಪಟ್ಟಿ ಜಿಲ್ಲಾಡಳಿತ, ಹೆದ್ದಾರಿ ಎಂಜಿನಿಯರು, ಪೊಲೀಸರ ಬಳಿ ಒಂದೇ ಆಗಿರಬೇಕು, ನಕ್ಷೆ ತಯಾರಿಸುವವರಿಗೆ ಸಿಗುವಂತಿರಬೇಕು. ಗಾಜನೂರಿನಲ್ಲಿ ನವೋದಯ ಶಾಲೆ, ಸಕ್ರೆಬೈಲಿನಲ್ಲಿ ಬಿಡಾರ, ಮಂಡಗದ್ದೆಯಲ್ಲಿ ಹಕ್ಕಿ ನೋಡಲು ಬಂದವರು, ನಡುವೆ ಕಾಡುಪ್ರಾಣಿ ದಾಟುವ ಜಾಗಗಳು. ಈ ಇಷ್ಟನ್ನು ಬರೆದಿಡಲು ದೊಡ್ಡ ಯೋಜನೆ ಬೇಕಾಗಿಲ್ಲ. ಅದು ಆಗುವತನಕ ಹಂಪ್ಸು, ಉಬ್ಬುಪಟ್ಟಿ, ರಸ್ತೆಯಂಚಿನಿಂದ ದೂರ ಒಂದು ಸರಿಯಾದ ಪಾರ್ಕಿಂಗ್ ಜಾಗವೇ ಗತಿ. ಹಂಪ್ಸಿಗೆ ಬೈಯುವವರು ನಮ್ಮಲ್ಲಿ ಬಹಳ. ಆದರೆ ಪ್ರತಿ ಕಾರಿಗೂ ಜಾಗಕ್ಕೆ ತಕ್ಕ ವೇಗವನ್ನು ತಪ್ಪದೆ ಹೇಳುವ ಸಾಧನ ಸದ್ಯಕ್ಕೆ ನಮ್ಮಲ್ಲಿರುವುದು ಅದೊಂದೇ.

ತುರ್ತಿನ ಮಾತು ಬಾರದೆ ಈ ಚರ್ಚೆ ಮುಗಿಯುವುದಿಲ್ಲ. ‘ರಾತ್ರಿ ಹೊತ್ತು ಎದೆನೋವಿನವರನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲಕ್ಕೋ ಒಯ್ಯಬೇಕಾದರೆ?’ ಮಲೆನಾಡಿನ ಮನೆಮನೆಯಲ್ಲೂ ಇಂಥ ರಾತ್ರಿ ಬಂದುಹೋಗಿರುತ್ತದೆ, ಆ ಭಯಕ್ಕೆ ಗೌರವ ಕೊಡಲೇಬೇಕು. ಆದರೆ ಶಿವಮೊಗ್ಗ–ತೀರ್ಥಹಳ್ಳಿ ನಡುವೆ ಅರವತ್ತು ಕಿಲೋಮೀಟರಿನ ದಾರಿ. ಒಂದೇ ಸಮ ಅರವತ್ತರಲ್ಲಿ ಹೋದರೆ ಒಂದು ಗಂಟೆ, ಎಂಬತ್ತರಲ್ಲಿ ಹೋದರೆ ಮುಕ್ಕಾಲು ಗಂಟೆ. ತಿರುವು, ಊರು, ಲಾರಿಗಳ ನಡುವೆ ಒಂದೇ ಸಮ ಎಂಬತ್ತು ಯಾರಿಗೂ ಸಾಧ್ಯವಿಲ್ಲ. ಕೊನೆಗೆ ಉಳಿಯುವುದು ಐದಾರು ನಿಮಿಷ. ಆಗುಂಬೆ ಘಾಟಿಯಲ್ಲಿ ಅದೂ ಇಲ್ಲ. ನೂರ ಅರವತ್ತು ಓಡುವ ಸಾಮರ್ಥ್ಯ ಆ ರಾತ್ರಿ ಒಂದು ನಿಮಿಷವನ್ನೂ ಉಳಿಸಿಕೊಡುವುದಿಲ್ಲ. ಉಳಿಸುವುದೇನಿದ್ದರೂ ತೀರ್ಥಹಳ್ಳಿಯಲ್ಲೇ ಹೃದಯದ ಚಿಕಿತ್ಸೆ ಸಿಕ್ಕರೆ, ಆಂಬುಲೆನ್ಸ್ ಬೇಗ ಬಂದರೆ.

ಈಗಿರುವ ಕಾರಿನಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಕ್ರೂಸ್ ಕಂಟ್ರೋಲ್ ಇರುವ ಕೆಲವು ಕಾರುಗಳ ಸ್ಟೀರಿಂಗ್ ಮೇಲೆ ಸ್ಪೀಡ್ ಲಿಮಿಟರ್ ಎಂಬ ಗುಂಡಿಯೂ ಇರುತ್ತದೆ; ಇನ್ನು ಕೆಲವಲ್ಲಿ ಎಚ್ಚರಿಕೆಯ ವೇಗವನ್ನು ನಾವೇ ಹೊಂದಿಸಬಹುದು. ಶೋರೂಮಿನಲ್ಲಿ ಸನ್‌ರೂಫ್ ತೆರೆದು ತೋರಿಸುವವರು ಇದನ್ನು ತೋರಿಸುವುದಿಲ್ಲ, ಕೇಳಿ ತಿಳಿದುಕೊಳ್ಳಬೇಕು. ಗಾಜನೂರು ಬರುವ ಮೊದಲು ಅರವತ್ತಕ್ಕೆ ಇಟ್ಟರೆ ಸಾಧಾರಣವಾಗಿ ಕಾಲು ಒತ್ತಿದಾಗ ವೇಗ ಅದನ್ನು ಮೀರುವುದಿಲ್ಲ. ಲಾರಿ ದಾಟಲು ಪೂರ್ತಿ ತುಳಿದಾಗ ಶಕ್ತಿ ತಿರುಗಿ ಬರುತ್ತದೆ. ಮುಂದಿನ ಕಾರು ಕೊಳ್ಳುವಾಗ ಮೈಲೇಜು, ಪಿಕಪ್ಪಿನ ಜೊತೆಗೆ ಈ ಗುಂಡಿ ಇದೆಯೇ ಎಂದು ಗಿರಾಕಿಗಳು ಕೇಳತೊಡಗಿದರೆ, ಎಲ್ಲ ಮಾದರಿಗಳಿಗೂ ಅದನ್ನು ಹಾಕಲು ಕಂಪನಿಗಳಿಗೆ ಸಾಫ್ಟ್‌ವೇರಿನ ಆಚೆಗೆ ದೊಡ್ಡ ಖರ್ಚೇನೂ ಬೀಳುವುದಿಲ್ಲ.